ಮನೆದೇವರಿಂದ ಇಷ್ಟದೇವರವರೆಗೆ

ಶಿವರಾತ್ರಿಗೆ ಮೂರು ನಾಲ್ಕು ದಿನ ಇರುವಾಗ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೊರಟರೆ ರಸ್ತೆಯ ಅಂಚಿನಲ್ಲಿ ನಡೆಯುವವರ ಸಾಲು ಮುಗಿಯುವುದೇ ಇಲ್ಲ. ಬೆಂಗಳೂರು, ಹಾಸನ, ಬೇಲೂರು ಕಡೆಯಿಂದ ಬಂದವರು, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಸೇರಬೇಕಾದವರು. ಹೆಚ್ಚಿನವರಿಗೆ ಇನ್ನೂ ಮೂವತ್ತು ತುಂಬಿಲ್ಲ. ಪಾದದ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು, ದಾರಿಬದಿಯಲ್ಲಿ ಯಾರೋ ಹಂಚುವ ಮಜ್ಜಿಗೆ ಕುಡಿದು ಮತ್ತೆ ಹೆಜ್ಜೆ ಹಾಕುತ್ತಾರೆ. ಎರಡು ವರ್ಷದ ಹಿಂದೆ ಆ ಸಾಲಿನಲ್ಲಿ ನನ್ನ ತರಗತಿಯ ಹುಡುಗನೊಬ್ಬನನ್ನು ಕಂಡು ನಾನು ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಕೆಲವೇ ತಿಂಗಳ ಹಿಂದೆ ಅವನ ತಾಯಿ ಪೋಷಕರ ಸಭೆಗೆಂದು ಹಾಸನಕ್ಕೆ ಬಂದವರು ಅಂಕಪಟ್ಟಿಯ ಮಾತು ಬಿಟ್ಟು ಬೇರೆಯದನ್ನೇ ತೋಡಿಕೊಂಡಿದ್ದರು. "ಮೇಡಂ, ಊರಿಗೆ ಬಂದರೆ ದೇವರ ಮುಂದೆ ನಿಲ್ಲುವುದೂ ಇಲ್ಲ. ವಿಭೂತಿ ಹಚ್ಚಿಕೋ ಎಂದರೆ ಎದ್ದು ಹೋಗುತ್ತಾನೆ. ಓದಿಸಿದ್ದೇ ತಪ್ಪಾಯಿತೇ?"

ಅದೇ ಹುಡುಗ ಹಾಸನದಿಂದ ಧರ್ಮಸ್ಥಳದವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಬರಿಗಾಲಲ್ಲಿ ನಡೆದಿದ್ದ. ಹಿಂದಿರುಗಿದ ಮೇಲೆ ಕೇಳಿದೆ. ಅವನ ಉತ್ತರ ಚಿಕ್ಕದಾಗಿತ್ತು. "ಮನೆಯಲ್ಲಿ ಮಾಡುತ್ತಿದ್ದದ್ದು ಅಮ್ಮನಿಗಾಗಿ, ಮೇಡಂ. ಇದು ನನಗಾಗಿ."

ಯುವಕರು ಧರ್ಮವನ್ನು ಬಿಡುತ್ತಿದ್ದಾರೆ ಎಂಬ ಆತಂಕದ ಮಾತು ಮಠಗಳ ವೇದಿಕೆಗಳಲ್ಲಿ, ಚರ್ಚಿನ ಪ್ರವಚನಗಳಲ್ಲಿ, ಮಸೀದಿಯ ಜಗಲಿಯಲ್ಲಿ ಈಗ ಒಂದೇ ದನಿಯಲ್ಲಿ ಕೇಳಿಬರುತ್ತಿದೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019-20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ವರದಿ ಪ್ರಕಟಿಸಿತು. ದೇವರನ್ನು ನಂಬುತ್ತೇವೆ ಎಂದವರು ಶೇ 97. ಹುಟ್ಟಿ ಬೆಳೆದ ಧರ್ಮದಲ್ಲೇ ಈಗಲೂ ಇದ್ದೇವೆ ಎಂದವರು ಹೆಚ್ಚುಕಡಿಮೆ ಎಲ್ಲರೂ. 2011ರ ಜನಗಣತಿಯಲ್ಲಿ ಧರ್ಮವನ್ನು ನಮೂದಿಸದವರ ಪ್ರಮಾಣ ಶೇ 0.24 ಮಾತ್ರ. ನಮ್ಮ ಜಿಲ್ಲೆಗಳಲ್ಲೇ ನೋಡಿ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲುವವರಲ್ಲಿ, ದೀಪಾವಳಿಗೆ ಮಲ್ಲೇನಹಳ್ಳಿಯ ಕಡಿದಾದ ದೇವೀರಮ್ಮನ ಬೆಟ್ಟವನ್ನು ಕತ್ತಲಲ್ಲೇ ಏರುವವರಲ್ಲಿ ಕಾಲೇಜು ವಯಸ್ಸಿನವರೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತಾರೆ. ಬಿಟ್ಟವರು ಇವರಲ್ಲ. ಹಾಗಿದ್ದರೆ ಆ ತಾಯಿಯ ಅಳಲು ಸುಳ್ಳೇ? ಅದೂ ಅಲ್ಲ.

ನಾವು ಧರ್ಮ ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳನ್ನು ಕಟ್ಟಿಡುತ್ತೇವೆ. ಒಂದು ಆಚರಣೆ: ದೀಪ, ನಮಾಜು, ಭಾನುವಾರದ ಪೂಜೆ, ಇಷ್ಟಲಿಂಗದ ಪೂಜೆ, ಸೂರ್ಯಾಸ್ತಕ್ಕೆ ಮುಂಚಿನ ಊಟ. ಇನ್ನೊಂದು ಗುರುತು: ನಾವು ಯಾರ ಪೈಕಿ, ಯಾವ ಮಠದವರು, ಯಾರ ಮನೆಯಲ್ಲಿ ಹೆಣ್ಣು ತರುತ್ತೇವೆ. ಮೂರನೆಯದು ನಂಬಿಕೆ: ಸಂಕಟ ಬಂದಾಗ ಯಾರನ್ನು ಕರೆಯುತ್ತೇವೆ, ಯಾರೂ ನೋಡದಿದ್ದಾಗಲೂ ಯಾವುದಕ್ಕೆ ಹೆದರುತ್ತೇವೆ, ಸತ್ತವರು ಎಲ್ಲಿಗೆ ಹೋದರೆಂದು ಒಳಗೊಳಗೇ ಅಂದುಕೊಳ್ಳುತ್ತೇವೆ. ಹಳ್ಳಿಯ ಮನೆಯಲ್ಲಿ ಈ ಮೂರೂ ಹೆಣೆದುಕೊಂಡೇ ಇರುವುದರಿಂದ ಬೇರ್ಪಡಿಸಿ ನೋಡುವ ಅಗತ್ಯ ಬೀಳುವುದಿಲ್ಲ. ಹದಿನೆಂಟಕ್ಕೆ ಮಗು ಪೆಟ್ಟಿಗೆ ಹಿಡಿದು ಹಾಸನದ ಹಾಸ್ಟೆಲ್ಲಿಗೋ ಬೆಂಗಳೂರಿನ ಪಿಜಿಗೋ ಹೊರಟಾಗ ಹೆಣಿಗೆ ಬಿಚ್ಚುತ್ತದೆ. ಮೊದಲು ಕಳಚುವುದು ಆಚರಣೆ, ಏಕೆಂದರೆ ಅದು ಮಗುವಿನದಾಗಿರಲೇ ಇಲ್ಲ. ನೀರು ಕಾಯಿಸಿ, ಹೂವು ಕೊಯ್ದು, ಮಡಿಬಟ್ಟೆ ಎತ್ತಿಟ್ಟು, ರಂಜಾನಿನಲ್ಲಿ ಸಹರಿಗೆ ನಸುಕಿನಲ್ಲೇ ಎದ್ದು ಅಡುಗೆ ಮಾಡಿ ಅದನ್ನು ನಡೆಸುತ್ತಿದ್ದವರು ಅಮ್ಮ. ಅಮ್ಮನ ದುಡಿಮೆ ನಿಂತ ಕಡೆ ಮಗನ ಭಕ್ತಿಯೂ ನಿಂತಂತೆ ಕಾಣುತ್ತದೆ.

ಗುರುತು ಕಳಚುವುದಿಲ್ಲ. ಹಾಸ್ಟೆಲ್ಲಿನಲ್ಲಿ ಅದು ಮತ್ತಷ್ಟು ಗಟ್ಟಿಯಾಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ನಂಬಿಕೆಯ ವಿಷಯವನ್ನಂತೂ ಯಾರೂ ಆ ಮಗುವಿನ ಬಳಿ ಎತ್ತಿರುವುದೇ ಇಲ್ಲ.

ನಮ್ಮ ಮಾತಿನಲ್ಲೇ ಇದಕ್ಕೆ ದಾರಿ ಇದೆ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಮನೆದೇವರು ಎಂಬ ಪದವಿದೆ, ಇಷ್ಟದೇವರು ಎಂಬ ಪದವೂ ಇದೆ. ಮನೆದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. "ನಾವು ಇಂಥ ದೇವರ ಒಕ್ಕಲು" ಎನ್ನುತ್ತೇವೆ. ಒಕ್ಕಲು ಎಂದರೆ ಆ ದೇವರ ನೆಲದಲ್ಲಿ ನೆಲೆ ನಿಂತ ಕುಟುಂಬ. ಹರಕೆ, ಮುಡಿ, ಮದುವೆಯ ಮೊದಲ ಲಗ್ನಪತ್ರಿಕೆ ಎಲ್ಲ ಅಲ್ಲಿಗೇ ಸಲ್ಲಬೇಕು. ಇಷ್ಟದೇವರು ಮಾತ್ರ ಒಬ್ಬೊಬ್ಬರದು. ಅಪ್ಪ ರಂಗನಾಥನ ಒಕ್ಕಲಾಗಿದ್ದು ಮಗಳು ಹೊರನಾಡಿನ ಅನ್ನಪೂರ್ಣೇಶ್ವರಿಗೆ ಮನಸೋತರೆ ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ಎರಡೂ ಒಟ್ಟಿಗೆ ನಡೆಯಬಹುದೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಯಾವ ತತ್ತ್ವಶಾಸ್ತ್ರದ ನೆರವೂ ಇಲ್ಲದೆ ಇತ್ತು. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮದುವೆಯಾದ ದಿನ ಹೆಣ್ಣುಮಗಳ ಮನೆದೇವರು ಬದಲಾಗುತ್ತದೆ. ಇಪ್ಪತ್ತೈದು ವರ್ಷ ಕೈಮುಗಿದದ್ದನ್ನು ಬಿಟ್ಟು ಗಂಡನ ಮನೆಯ ದೇವರಿಗೆ ಅವಳು ತಂಬಿಟ್ಟಿನ ಆರತಿ ಹೊರುತ್ತಾಳೆ. ಅದನ್ನು ನಂಬಿಕೆಯ ಬದಲಾವಣೆ ಎಂದು ಯಾರೂ ಕರೆಯುವುದಿಲ್ಲ, ಅವಳಿಗೆ ಏನನ್ನಿಸಿತೆಂದು ವಿಚಾರಿಸುವುದೂ ಇಲ್ಲ. ಮಗ ವಿಭೂತಿ ಬಿಟ್ಟರೆ ಮಾತ್ರ ಮನೆ ಅಲುಗುತ್ತದೆ.

ಹುಡುಗಿಯರ ಪ್ರಶ್ನೆಗಳು ಬಹುತೇಕ ಮುಟ್ಟಿನಿಂದ ಶುರುವಾಗುತ್ತವೆ. ಹನ್ನೆರಡಕ್ಕೋ ಹದಿಮೂರಕ್ಕೋ ದೇವರ ಕೋಣೆಯಿಂದ ಹೊರಗೆ ನಿಲ್ಲಿಸಿದಾಗ ಹುಟ್ಟಿದ ಪ್ರಶ್ನೆಗೆ "ಹಾಗೆಲ್ಲ ಕೇಳಬಾರದು" ಎಂಬ ಮಾತೇ ಉತ್ತರವಾಗಿ ಸಿಕ್ಕಿರುತ್ತದೆ. ನನ್ನಲ್ಲಿಗೆ ಬಂದು ಕೂತು ಮಾತನಾಡುವ ಹುಡುಗಿಯರಲ್ಲಿ ದೇವರಿಲ್ಲ ಎನ್ನುವವರು ತೀರಾ ಕಡಿಮೆ. ದೇವರು ತನ್ನನ್ನು ಹೊರಗೆ ನಿಲ್ಲಿಸಿದನೋ ಮನೆಯವರು ನಿಲ್ಲಿಸಿದರೋ ಎಂದು ತಿಳಿಯಬೇಕೆನ್ನುವವರು ಬಹಳ ಮಂದಿ. ಇಷ್ಟು ಗಂಭೀರವಾದ ಪ್ರಶ್ನೆ ಇಟ್ಟುಕೊಂಡವಳನ್ನು ನಾಸ್ತಿಕಳೆಂದು ಬೈಯುವುದು ದೊಡ್ಡ ಅನ್ಯಾಯ.

ಗಂಡುಹುಡುಗರ ದಾರಿ ಬೇರೆ. ಕಾರ್ತಿಕ ಬಂದರೆ ಕಪ್ಪು ಬಟ್ಟೆ ಉಟ್ಟು ಅಯ್ಯಪ್ಪನ ಮಾಲೆ ಹಾಕುವವರನ್ನು ನೋಡಿ. ನಲವತ್ತೊಂದು ದಿನ ಚಪ್ಪಲಿಯಿಲ್ಲ, ಮಾಂಸವಿಲ್ಲ, ಕುಡಿತವಿಲ್ಲ, ನಸುಕಿನ ತಣ್ಣೀರ ಸ್ನಾನ. ಮೊದಲ ಸಲ ಹೋಗುವ ಕನ್ನಿಸ್ವಾಮಿಗೆ ಗುರುಸ್ವಾಮಿ ಮಾಲೆ ಹಾಕುವಾಗ ಹುಟ್ಟಿನ ವಿವರ ಮುಖ್ಯವಾಗುವುದಿಲ್ಲ, ವ್ರತ ಹಿಡಿಯಬಲ್ಲೆಯಾ ಎಂಬುದೇ ಮುಖ್ಯ. ಎಷ್ಟೋ ಹುಡುಗರ ಪಾಲಿಗೆ ಬದುಕಿನಲ್ಲಿ ತಾವೇ ಕೈಗೊಂಡ ಮೊದಲ ಧಾರ್ಮಿಕ ನಿರ್ಧಾರ ಅದೇ. ಧರ್ಮಸ್ಥಳದ ನಡಿಗೆ, ದೇವೀರಮ್ಮನ ಬೆಟ್ಟ, ಮುಸ್ಲಿಂ ಹುಡುಗರು ಮನೆಯ ಒತ್ತಾಯವಿಲ್ಲದ ಹಾಸ್ಟೆಲ್ಲಿನಲ್ಲೂ ಹಿಡಿಯುವ ರೋಜಾ ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಮೈಗೆ ನೋವಾಗಬೇಕು, ಅದನ್ನು ನನ್ನ ಪರವಾಗಿ ಇನ್ನೊಬ್ಬರು ಮಾಡಲಾಗಬಾರದು. ಮಂತ್ರವನ್ನು ಪುರೋಹಿತರು ಹೇಳಬಹುದು, ದೀಪವನ್ನು ಅಮ್ಮ ಹಚ್ಚಬಹುದು, ಘಾಟಿಯನ್ನು ಮಾತ್ರ ನಾನೇ ಇಳಿಯಬೇಕು. ಸ್ವಂತ ನಂಬಿಕೆ ಎಂದರೆ ತಲೆಯಲ್ಲಿ ನಡೆಯುವ ವಾದ ಎಂದುಕೊಂಡ ನಮ್ಮಂಥ ಓದಿದವರಿಗೆ ಕಾಲಿನಿಂದ ಶುರುವಾಗುವ ಈ ನಂಬಿಕೆ ಕಣ್ಣಿಗೆ ಬೀಳುವುದಿಲ್ಲ.

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ ಪ್ರಕಟಿಸಿದ ವಿಚಾರವೊಂದು ಇಲ್ಲಿ ನೆರವಿಗೆ ಬರುತ್ತದೆ. ಯುವಕರು ತಮ್ಮ ವ್ಯಕ್ತಿತ್ವವನ್ನು ಕಂಡುಕೊಳ್ಳುವ ಬಗೆಯನ್ನು ಅವರು ನಾಲ್ಕು ಸ್ಥಿತಿಗಳಾಗಿ ನೋಡಿದರು. ಹುಡುಕದೆಯೇ ಹಿರಿಯರು ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಂಡವರು, ಹುಡುಕಾಟದ ನಡುವೆ ಇರುವವರು, ಹುಡುಕಿ ಒಂದು ನೆಲೆಗೆ ಬಂದವರು, ಹುಡುಕದೆಯೂ ಒಪ್ಪದೆಯೂ ತೇಲುತ್ತಿರುವವರು. ಹೊರಗಿನಿಂದ ನೋಡಿದರೆ ಮೊದಲಿನವರೂ ಮೂರನೆಯವರೂ ಒಂದೇ ಥರ ಕಾಣುತ್ತಾರೆ. ಇಬ್ಬರೂ ದೀಪ ಹಚ್ಚುತ್ತಾರೆ. ಎರಡನೆಯವರೂ ಕೊನೆಯವರೂ ಒಂದೇ ಥರ ಕಾಣುತ್ತಾರೆ; ಇಬ್ಬರೂ ಹಚ್ಚುವುದಿಲ್ಲ. ತಂದೆತಾಯಿಯರು ತಪ್ಪುವುದು ಇಲ್ಲಿಯೇ. ಹುಡುಕುತ್ತಿರುವ ಮಗುವನ್ನು ಕೈತಪ್ಪಿದ ಮಗು ಎಂದು ತಿಳಿದು, ಬಾಯಿ ಮುಚ್ಚಿಕೊಂಡು ಕೈಮುಗಿಯುವ ಮಗುವನ್ನು ನೋಡಿ ನಿಶ್ಚಿಂತರಾಗುತ್ತಾರೆ. ಮಾರ್ಷಿಯಾ ಅವರ ಚೌಕಟ್ಟು ನಮಗೆ ಪೂರ್ತಿ ಹೊಂದುವುದಿಲ್ಲ ಎಂಬುದೂ ನಿಜ. ಅದು ಒಬ್ಬಂಟಿ ವ್ಯಕ್ತಿಯನ್ನು ನಡುವೆ ಇಟ್ಟು ನೋಡುತ್ತದೆ. ನಮ್ಮಲ್ಲಿ ಹಬ್ಬದ ದಿನ ಊರಿಗೆ ಹೋಗದಿದ್ದರೆ ಅಜ್ಜಿ ಊಟ ಮಾಡದೆ ಕೂತಿರುತ್ತಾರೆ. ಆ ಅಜ್ಜಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ವಿವರಣೆಯೂ ಹಾಸನದಲ್ಲಿ ನಿಲ್ಲುವುದಿಲ್ಲ.

ಧರ್ಮಗಳಿಗೆ ಈ ಸಂಗತಿ ಮೊದಲಿನಿಂದಲೂ ಗೊತ್ತಿತ್ತು. ಪ್ರತಿಯೊಂದೂ ಮಗು ದೊಡ್ಡದಾಗುವ ಹೊತ್ತಿಗೆ ಅದರ ಸ್ವಂತ ಒಪ್ಪಿಗೆಗೆ ಒಂದು ಹೊಸ್ತಿಲನ್ನು ಇಟ್ಟಿದೆ. ಕ್ಯಾಥೊಲಿಕರಲ್ಲಿ ಹಸುಗೂಸಿಗೆ ಜ್ಞಾನಸ್ನಾನ ಮಾಡಿಸುವಾಗ ವಿಶ್ವಾಸದ ಪ್ರಶ್ನೆಗಳಿಗೆ ಉತ್ತರ ಹೇಳುವವರು ಹೆತ್ತವರು, ಜ್ಞಾನಪೋಷಕರು. ಮುಂದೆ ದೃಢೀಕರಣ ಸಂಸ್ಕಾರದಲ್ಲಿ ಅದೇ ಪ್ರಶ್ನೆಗಳಿಗೆ ಮಗು ತನ್ನ ಬಾಯಿಂದಲೇ ಉತ್ತರಿಸಬೇಕು. 1963ರಲ್ಲಿ ರೂಪುಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಚರ್ಚುಗಳಲ್ಲಿ, ಕಾಫಿ ಸೀಮೆಯ ಸಣ್ಣ ಊರುಗಳಲ್ಲೂ, ಇದು ನಡೆಯುತ್ತದೆ. ಇಸ್ಲಾಮಿನಲ್ಲಿ ಪ್ರಾಯಕ್ಕೆ ಬಂದವರು ತಮ್ಮ ಕರ್ಮಕ್ಕೆ ತಾವೇ ಹೊಣೆ. ನಿಯ್ಯತ್ತು, ಅಂದರೆ ಮನಸ್ಸಿನ ಸಂಕಲ್ಪ, ಇಲ್ಲದೆ ಮಾಡಿದ ನಮಾಜು ನಮಾಜಲ್ಲ. ಜೈನ ಗೃಹಸ್ಥರಾದ ಶ್ರಾವಕರು ವ್ರತವನ್ನು ಸ್ವೀಕರಿಸುತ್ತಾರೆ, ಅದು ರಕ್ತದಲ್ಲಿ ಬರುವುದಿಲ್ಲ. ಬಸವಣ್ಣನವರು ಬಾಲ್ಯದಲ್ಲೇ ಜನಿವಾರವನ್ನು ನಿರಾಕರಿಸಿ ಮನೆ ತೊರೆದರೆಂದು ಪರಂಪರೆ ಹೇಳುತ್ತದೆ. ಅವರನ್ನು ಗುರುವೆನ್ನುವ ಮನೆಗಳಲ್ಲಿ ಮಗನೊಬ್ಬ ನಿರಾಕರಣೆಯ ಮಾತಾಡಿದರೆ ಅವನನ್ನು ಕೂರಿಸಿ ಕೇಳುವ ಹೊಣೆ ಉಳಿದವರಿಗಿಂತ ಹೆಚ್ಚು. ಶೃಂಗೇರಿಯ ಪರಂಪರೆಯ ಮೂಲಪುರುಷರಾದ ಶಂಕರರು ಭಾಷ್ಯ ಬರೆದ ಕಠೋಪನಿಷತ್ತು ತೆರೆದುಕೊಳ್ಳುವುದೇ ತಂದೆಯನ್ನು ಪ್ರಶ್ನಿಸುವ ಹುಡುಗನಿಂದ. ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನಕ್ಕೆ ಹೊಡೆದುಕೊಂಡು ಹೋಗುವುದನ್ನು ನಚಿಕೇತ ನೋಡುತ್ತಾನೆ. ಆಗ ಅವನಲ್ಲಿ ಶ್ರದ್ಧೆ ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಶ್ರದ್ಧೆ ಹೊಕ್ಕ ಹುಡುಗ ಮಾಡಿದ ಮೊದಲ ಕೆಲಸವೆಂದರೆ ತಂದೆಗೆ ಪ್ರಶ್ನೆ ಹಾಕಿದ್ದು, ಒಮ್ಮೆಯಲ್ಲ, ಮೂರು ಸಲ. ತಂದೆ ಸಿಟ್ಟಾಗಿ "ನಿನ್ನನ್ನು ಮೃತ್ಯುವಿಗೆ ಕೊಟ್ಟೆ" ಎಂದುಬಿಡುತ್ತಾನೆ. ಆ ಸಿಟ್ಟನ್ನು ನಾನು ಪೋಷಕರ ಸಭೆಗಳಲ್ಲಿ ಹಲವು ಬಾರಿ ಕಂಡಿದ್ದೇನೆ.

ಹೊಸ್ತಿಲುಗಳು ಇಂದಿಗೂ ಇವೆ. ಆದರೆ ಉಪನಯನವೂ ಲಿಂಗದೀಕ್ಷೆಯೂ ದೃಢೀಕರಣವೂ ಶಾಮಿಯಾನ, ಫೋಟೊ, ಊಟದ ಎಲೆಗಳ ಲೆಕ್ಕದಲ್ಲಿ ಮುಗಿಯುತ್ತಿವೆ. ನಿನಗೆ ಏನನ್ನಿಸುತ್ತದೆ ಎಂದು ಕೇಳಬೇಕಾದ ಒಂದೇ ಗಳಿಗೆಯಲ್ಲಿ ಮಗುವಿಗೆ ಕ್ಯಾಮೆರಾ ನೋಡಲು ಹೇಳುತ್ತೇವೆ.

ಕೇಳದೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ಅಲ್ಲಿಗೆ ಮೊಬೈಲ್ ಬರುತ್ತದೆ. ಮನೆದೇವರ ಕಥೆ ಗೊತ್ತಿಲ್ಲದ, ಒಂದು ವಚನವನ್ನೋ ಕುರಾನಿನ ಒಂದು ಸೂರಾದ ಅರ್ಥವನ್ನೋ ಬಿಡಿಸಿ ಹೇಳಲಾಗದ ಹುಡುಗ ಇನ್ನೊಬ್ಬರ ಧರ್ಮದ ಬಗ್ಗೆ ಅರ್ಧ ಗಂಟೆ ಬಿಸಿಯಾಗಿ ಮಾತಾಡಬಲ್ಲ. ಆಚರಣೆ ಕಳಚಿದೆ, ನಂಬಿಕೆ ಬೆಳೆದಿಲ್ಲ, ಗುರುತು ಒಂದೇ ಉಬ್ಬಿ ನಿಂತಿದೆ. ಬೇಲೂರು ಚನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಿಸುವ ಹಳೆಯ ರೂಢಿಗೆ 2022ರ ಏಪ್ರಿಲ್‌ನಲ್ಲಿ ವಿರೋಧ ಎದ್ದಾಗ ನನ್ನ ತರಗತಿಯಲ್ಲೂ ಬಿಸಿ ಚರ್ಚೆ ನಡೆಯಿತು. ಎರಡೂ ಕಡೆ ಗಟ್ಟಿಯಾಗಿ ವಾದಿಸಿದವರಲ್ಲಿ ಬೇಲೂರಿನ ತೇರನ್ನು ಒಮ್ಮೆಯಾದರೂ ಎಳೆದವರು ಎಷ್ಟು ಮಂದಿ ಎಂದು ಕೇಳಿದೆ. ಕೈ ಎತ್ತಿದವರು ಇಬ್ಬರು. ಧರ್ಮದ ಮುಖಂಡರು ಹೆದರಬೇಕಾದದ್ದು ವಿಭೂತಿ ಬಿಟ್ಟ ಹುಡುಗನಿಗಲ್ಲ, ಬರೀ ಗುರುತಿನಿಂದ ತುಂಬಿಹೋದ ಈ ಹುಡುಗರಿಗಾಗಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಾನೂನು ಈ ಮಕ್ಕಳನ್ನು ಹೇಗೆ ನೋಡುತ್ತದೆ? ಸಂವಿಧಾನದ 25ನೇ ವಿಧಿ ಧರ್ಮದ ಆಚರಣೆಯ ಹಕ್ಕಿಗೂ ಮುಂಚೆ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ. 1985ರಲ್ಲಿ ಕೇರಳದ ಮೂವರು ಒಡಹುಟ್ಟಿದ ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲ. ಯೆಹೋವನ ಸಾಕ್ಷಿಗಳೆಂಬ ಪಂಥದ ಅವರಿಗೆ ಅದು ನಂಬಿಕೆಗೆ ವಿರುದ್ಧವಾಗಿತ್ತು. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂಬುದನ್ನು ಬದಿಗಿಟ್ಟು, ಅದನ್ನು ಅವರು ಪ್ರಾಮಾಣಿಕವಾಗಿ ಹಿಡಿದಿದ್ದಾರೆಯೇ ಎಂದು ನ್ಯಾಯಾಲಯ ಪರಿಶೀಲಿಸಿತು. ಹಿಜಾಬ್ ಪ್ರಕರಣದಲ್ಲಿ ನೋಟ ಬೇರೆಯಾಯಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಅದು ಇಸ್ಲಾಮಿನ ಅಗತ್ಯ ಧಾರ್ಮಿಕ ಆಚರಣೆಯಲ್ಲ ಎಂದಿತು. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅದು ಕೊನೆಗೂ ಆಯ್ಕೆಯ ವಿಷಯ ಎಂದರು. ಗ್ರಂಥ ಏನು ಹೇಳುತ್ತದೆ ಎಂಬ ಪ್ರಶ್ನೆಗೂ ಈ ಹುಡುಗಿ ಏನು ನಂಬುತ್ತಾಳೆ ಎಂಬ ಪ್ರಶ್ನೆಗೂ ಇರುವ ಅಂತರ ದೊಡ್ಡದು. ಮನೆಯಲ್ಲೂ ನಾವು ಕೇಳುವುದು ಮೊದಲನೆಯದನ್ನೇ.

ಬಡವರ ಮಕ್ಕಳಿಗೆ ಹುಡುಕಾಟದ ಬೆಲೆಯೂ ಹೆಚ್ಚು. ಮೂಡಿಗೆರೆ, ಸಕಲೇಶಪುರದ ತೋಟದ ಲೈನ್ ಮನೆಯಲ್ಲಿ ಬೆಳೆದ ದಲಿತ ಹುಡುಗಿ ಚರ್ಚಿನತ್ತ ಒಲಿದು ಕ್ರೈಸ್ತಳಾದರೆ ಪರಿಶಿಷ್ಟ ಜಾತಿಯ ಮೀಸಲಾತಿ ಕೈತಪ್ಪುತ್ತದೆ. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಮಾತ್ರ ಆ ಬಾಗಿಲು ತೆರೆದಿದೆ. ಒಳಗಿನ ಒಲವನ್ನು ಅವಳು ಬಾಯಿಬಿಟ್ಟು ಹೇಳುವ ಮುಂಚೆ ವಿದ್ಯಾರ್ಥಿವೇತನದ ಲೆಕ್ಕ ಹಾಕಬೇಕು. ಉಳ್ಳವರ ಮಕ್ಕಳು ಧ್ಯಾನ ಶಿಬಿರಕ್ಕೆ ಹೋಗಿ ಬಂದು ಆಧ್ಯಾತ್ಮಿಕ ಹುಡುಕಾಟ ಎಂದು ಕರೆದುಕೊಳ್ಳುವುದನ್ನೇ ಇವಳು ಮಾಡಿದರೆ ಅದಕ್ಕೆ ಮತಾಂತರ ಎಂಬ ಹೆಸರು ಬೀಳುತ್ತದೆ.

ಒಂದೇ ಮನೆಯಲ್ಲಿ ಬೇರೆ ಬೇರೆ ನಂಬಿಕೆ ಇರುವುದು ಹೊಸ ಕಾಲದ ಪಿಡುಗು ಎನ್ನುವವರನ್ನು ನಾನು ಶ್ರವಣಬೆಳಗೊಳದ ಚಂದ್ರಗಿರಿಗೆ ಕರೆದುಕೊಂಡು ಹೋಗಲು ಬಯಸುತ್ತೇನೆ. ಅಲ್ಲಿ ಸವತಿಗಂಧವಾರಣ ಬಸದಿ ಇದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ ಅದನ್ನು 1123ರ ಸುಮಾರಿಗೆ ಕಟ್ಟಿಸಿದಳು. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ ಎಂದು ಶಾಸನ ಹೇಳುತ್ತದೆ. ಗಂಡ ಜೈನನಾಗಿದ್ದು ರಾಮಾನುಜರ ಪ್ರಭಾವದಿಂದ ವೈಷ್ಣವನಾದನೆಂದು ಪರಂಪರೆ ನಂಬಿದೆ. 1117ರಲ್ಲಿ ಬೇಲೂರಿನ ಚನ್ನಕೇಶವನನ್ನು ಪ್ರತಿಷ್ಠಾಪಿಸಿದವನು ಅವನೇ. ಶಾಂತಲೆ ಜೈನಳಾಗಿಯೇ ಉಳಿದಳು. ಉಳಿದೂ ಬೇಲೂರಿನ ಅದೇ ಅಂಗಳದಲ್ಲಿ ಕಪ್ಪೆ ಚನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ಶೈವ ಅಪ್ಪ, ಜೈನ ಅಮ್ಮ, ವೈಷ್ಣವ ಗಂಡ, ನಡುವೆ ತನ್ನದನ್ನು ತಾನು ಆರಿಸಿಕೊಂಡ ಹೆಣ್ಣು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸ ಹಿಡಿದು ದೇಹ ಬಿಟ್ಟಳು. ಮಗಳನ್ನು ಕಳೆದುಕೊಂಡ ದುಃಖವನ್ನು ಆ ತಾಯಿ ತನ್ನ ನಂಬಿಕೆಯ ದಾರಿಯಲ್ಲೇ ನಡೆದು ಮುಗಿಸಿದಳು.

ನಮ್ಮ ಸಭೆಗಳಲ್ಲಿ ಸಾಮರಸ್ಯದ ಮಾತು ಬಂದಾಗ ಶೈವರು ಶಿವನೆಂದೂ ಜೈನರು ಅರ್ಹಂತನೆಂದೂ ಕರೆಯುವವನು ಕೇಶವನೊಬ್ಬನೇ ಎನ್ನುವ ಬೇಲೂರಿನ ಶ್ಲೋಕವನ್ನು ತಪ್ಪದೆ ಹೇಳುತ್ತಾರೆ. ಸುಂದರ ಶ್ಲೋಕ. ನನಗೆ ಅದಕ್ಕಿಂತ ಶಾಂತಲೆಯ ಮನೆ ಹೆಚ್ಚು ಹತ್ತಿರ. ಶ್ಲೋಕ ಎಲ್ಲ ದೇವರೂ ಒಂದೇ ಎಂದು ವ್ಯತ್ಯಾಸವನ್ನು ಕರಗಿಸುತ್ತದೆ. ಆ ಮನೆಯವರು ವ್ಯತ್ಯಾಸವನ್ನು ಉಳಿಸಿಕೊಂಡೇ ಒಟ್ಟಿಗೆ ಬಾಳಿದರು. ಹೌದು, ಅವಳು ರಾಣಿ. ಅವಳ ಕಾಲದ ಒಕ್ಕಲಗಿತ್ತಿಗೆ ಆ ಸ್ವಾತಂತ್ರ್ಯ ಇದ್ದೀತೆಂದು ನಾನು ಭಾವಿಸುವುದಿಲ್ಲ. ಅಂದು ರಾಣಿಗೆ ದಕ್ಕಿದ್ದು ಇಂದು ನನ್ನ ತರಗತಿಯ ಹುಡುಗಿಗೂ ದಕ್ಕಬೇಕು.

ಪೋಷಕರು ಏನು ಮಾಡಬೇಕೆಂದು ಕೇಳಿದಾಗ ನಾನು ಹೇಳುವುದು ಇಷ್ಟೇ. ಗೊತ್ತಿದ್ದನ್ನು ಕಥೆಯಾಗಿ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ನೀವು ಯಾವಾಗ, ಯಾವ ಸಂಕಟದಲ್ಲಿ ದೇವರನ್ನು ಕರೆದಿರಿ ಎಂಬುದನ್ನು ಮಕ್ಕಳಿಗೆ ಹೇಳಿದ್ದೀರಾ ಎಂದು ಕೇಳುತ್ತೇನೆ. ಬಹುಪಾಲು ತಂದೆಯರು ಹೇಳಿರುವುದಿಲ್ಲ. ಮಗನಿಗೆ ಅಪ್ಪನ ವಿಭೂತಿ ಗೊತ್ತು, ಅದರ ಹಿಂದಿನ ರಾತ್ರಿಗಳು ಗೊತ್ತಿಲ್ಲ.

ಅರಸೀಕೆರೆ ಕಡೆಯ ರೈತರೊಬ್ಬರು ಒಮ್ಮೆ ಕಾಲೇಜಿಗೆ ಬಂದಿದ್ದರು. ಪ್ರತಿ ಹುಣ್ಣಿಮೆಗೂ ಜೇನುಕಲ್ಲು ಸಿದ್ದೇಶ್ವರನ ಬೆಟ್ಟ ಏರುವವರು. ಮಗ ಬರುವುದಿಲ್ಲ ಎಂದು ಹಟ ಹಿಡಿದಿದ್ದ, ಬೆಟ್ಟ ಹತ್ತಿದರೆ ಬೋರ್‌ವೆಲ್‌ನಲ್ಲಿ ನೀರು ಬರುತ್ತದೆಯೇ ಎಂದು ಕೇಳಿದ್ದ. "ಏನು ಹೇಳಿದಿರಿ?" ಎಂದೆ. "ಬರುವುದಿಲ್ಲ ಮಗನೇ, ಹನ್ನೆರಡು ವರ್ಷದಿಂದ ಹತ್ತುತ್ತಿದ್ದೇನೆ, ಎರಡು ಬೋರ್ ಬತ್ತಿದವು ಎಂದೆ. ಮತ್ತೆ ಯಾಕೆ ಹತ್ತುತ್ತೀಯ ಅಂದ. ಇಳಿದು ಬಂದ ರಾತ್ರಿ ನಿದ್ದೆ ಬರುತ್ತದೆ ಕಣಪ್ಪ, ಅದಕ್ಕಿಂತ ಹೆಚ್ಚಿಗೆ ನನಗೂ ಗೊತ್ತಿಲ್ಲ ಎಂದೆ, ಮೇಡಂ."

ಮುಂದಿನ ಹುಣ್ಣಿಮೆಗೆ ಮಗ ಬೆಟ್ಟ ಹತ್ತಲಿಲ್ಲ. ಅಪ್ಪನನ್ನು ಬೈಕಿನಲ್ಲಿ ಕರೆದುಕೊಂಡು ಬಂದು, ಅವರು ಇಳಿದು ಬರುವವರೆಗೂ ಮೆಟ್ಟಿಲ ಬುಡದಲ್ಲಿ ಕೂತಿದ್ದನಂತೆ.